ಗಟ್ಟಿ ಕಾಫಿ ಕೊಡುವ ಹೋಟೆಲ್‌ಗೆ ಪ್ರಶಸ್ತಿ ಯಾಕಿಲ್ಲ?

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ವರ್ಷಕ್ಕೊಂದು ಒಳ್ಳೆ ಕಾಫಿ ಹೋಟೆಲ್ ಆರಿಸುತ್ತೀರಿ. ನಮ್ಮ ಬೀದಿ ಹೋಟೆಲ್‌ನಲ್ಲಿ ಕಾಫಿ ಎಷ್ಟು ಗಟ್ಟಿ ಗೊತ್ತಾ? ಬಣ್ಣ ನೋಡಿದರೇ ಸ್ಟ್ರಾಂಗ್ ಅಂತ ತಿಳಿಯುತ್ತದೆ. ಪ್ರತಿ ಸಲ ಅದನ್ನು ಯಾಕೆ ಬಿಡುತ್ತೀರಿ?

ಫಲಿತಾಂಶ ಹೇಳಿದ ವಾರ ಈ ಪ್ರಶ್ನೆ ಬಂದೇ ಬರುತ್ತದೆ, ಹೋಟೆಲ್ ಹೆಸರು ಮಾತ್ರ ಬೇರೆ. ಹೋದ ವರ್ಷವೂ ಉತ್ತರ ಬರೆದಿದ್ದೆ, ಅದರ ಹಿಂದಿನ ವರ್ಷವೂ ಬರೆದಿದ್ದೆ. ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಕೊನೆತನಕ ಓದಿ.

ಯಾರನ್ನೂ ಬಿಟ್ಟಿಲ್ಲ. ನೀವು ಹೇಳಿದ ಹೋಟೆಲ್‌ಗೂ ಅಂಕ ಹಾಕುವ ನಮ್ಮವರಲ್ಲಿ ಬೇರೆ ಬೇರೆಯವರು, ಬೇರೆ ಬೇರೆ ಹೊತ್ತಲ್ಲಿ ಹೋಗಿ, ದುಡ್ಡು ಕೊಟ್ಟು ಕುಡಿದು ಬಂದಿದ್ದಾರೆ. ಯಾಕೆ ಬಂದಿದ್ದೇವೆ ಅಂತ ಗಲ್ಲಾದಲ್ಲಿ ಹೇಳುವುದಿಲ್ಲ. ನಮ್ಮಲ್ಲಿ ಯಾರಿಗಾದರೂ ಮಾಲೀಕರು ನೆಂಟರಾದರೆ ಅಂಥವರು ಅಂಕ ಹಾಕುವ ಹಾಗಿಲ್ಲ. ಬರೆದು ಮುಗಿಯುವ ತನಕ ಒಬ್ಬರಿಗೊಬ್ಬರು ಬಾಯಿ ಬಿಡುವ ಹಾಗೂ ಇಲ್ಲ. ಒಬ್ಬರು "ಅಯ್ಯೋ, ಸೂಪರ್" ಅಂದುಬಿಟ್ಟರೆ ಪಕ್ಕದವರ ನಾಲಿಗೆಯೂ ಅದನ್ನೇ ಹೇಳುತ್ತದೆ.

ಈಗ ಬಣ್ಣದ ವಿಷಯ. ಕಪ್ಪಗಿದ್ದರೆ ಸ್ಟ್ರಾಂಗ್, ಸ್ಟ್ರಾಂಗ್ ಇದ್ದರೆ ಒಳ್ಳೆಯದು ಅಂತ ನಂಬಿಕೊಂಡಿದ್ದೇವೆ. ಎರಡೂ ತಪ್ಪು.

ಕಾಫಿಪುಡಿಗೆ ಬೆರೆಸುವ ಚಿಕೋರಿ ಅನ್ನುವುದು ಒಂದು ಗಿಡದ ಬೇರು. ಗುಜರಾತ್, ಉತ್ತರ ಪ್ರದೇಶದ ಕಡೆ ಬೆಳೆಯುತ್ತಾರೆ. ಬೇರನ್ನು ಒಣಗಿಸಿ, ಹುರಿದು, ಪುಡಿ ಮಾಡುತ್ತಾರೆ. ಅದರಲ್ಲಿ ಕೆಫೀನ್ ಇಲ್ಲವೇ ಇಲ್ಲ. ಆದರೆ ನೀರಿಗೆ ಬಿದ್ದರೆ ಕಾಫಿಪುಡಿಗಿಂತ ಎಷ್ಟೋ ಜಾಸ್ತಿ ಕರಗಿ, ಕಪ್ಪು ಬಣ್ಣ, ಗಟ್ಟಿತನ, ಒಂದಿಷ್ಟು ಕಹಿ ಕೊಡುತ್ತದೆ. ಅಂದರೆ ನಿಮ್ಮ ಲೋಟದ ಕಾಫಿ ಕಪ್ಪಾದಷ್ಟೂ ಅದರಲ್ಲಿ ಕಾಫಿಯೇ ಕಡಿಮೆ ಇರಬಹುದು. ನಂಬಿಕೆ ಇಲ್ಲದಿದ್ದರೆ ಮನೆಯಲ್ಲೇ ನೋಡಿ. ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ, ಮೇಲೆ ಅರ್ಧ ಚಮಚ ಪುಡಿ ಉದುರಿಸಿ, ಕಲಕದೆ ಸುಮ್ನೆ ಬಿಡಿ. ಕಾಫಿಪುಡಿ ಮೇಲೇ ತೇಲುತ್ತಿರುತ್ತದೆ. ಚಿಕೋರಿ ಬೇಗ ಕೆಳಗಿಳಿಯುತ್ತದೆ, ಇಳಿಯುತ್ತಾ ಕಂದು ಗೆರೆ ಎಳೆಯುತ್ತಾ ಹೋಗುತ್ತದೆ. ಆ ಗೆರೆಯೇ ನೀವು ಹೇಳುವ "ಸ್ಟ್ರಾಂಗ್" ಬಣ್ಣ.

ಚಿಕೋರಿ ಒಂದೇ ಅಲ್ಲ. ಬೀಜವನ್ನು ಸೀಯುವಷ್ಟು ಹುರಿದರೂ ಕಪ್ಪಾಗುತ್ತದೆ. ಬೆಳಗ್ಗೆ ಇಳಿಸಿದ ಡಿಕಾಕ್ಷನ್ ಸಂಜೆವರೆಗೆ ಒಲೆ ಪಕ್ಕ ಕುದಿಯುತ್ತಾ ಕೂತರೂ ಕಪ್ಪಾಗುತ್ತದೆ, ಗಟ್ಟಿಯೂ ಆಗುತ್ತದೆ, ಆದರೆ ಘಮ ಅಷ್ಟೂ ಹಾರಿಹೋಗಿರುತ್ತದೆ. ಇನ್ನು ನೊರೆ. ಎತ್ತರದಿಂದ ಎಳೆದು ಹೊಯ್ದರೆ ಯಾವ ಹಾಲಿನ ಕಾಫಿಗೂ ನೊರೆ ಬರುತ್ತದೆ, ಅದಕ್ಕೆ ಅಂಕ ಕೊಡುವುದು ಹೇಗೆ ಹೇಳಿ?

ಹಾಗಂತ ನಾವು ಚಿಕೋರಿ ವಿರೋಧಿಗಳಲ್ಲ. ನಮ್ಮಲ್ಲೇ ಕೆಲವರಿಗೆ ಚಿಕೋರಿ ಇಲ್ಲದಿದ್ದರೆ ಕಾಫಿ ಕುಡಿದ ಹಾಗೇ ಆಗುವುದಿಲ್ಲ. ಮಿಶ್ರಣದಲ್ಲಿ ಕಾಫಿ ಕನಿಷ್ಠ 51% ಇರಬೇಕು, ಎಷ್ಟಿದೆ ಅಂತ ಪೊಟ್ಟಣದ ಮೇಲೆ ಬರೆದಿರಬೇಕು ಅಂತ ನಿಯಮವೇ ಇದೆ. ಹಾಗಾದರೆ ಅಂಕ ಯಾವುದಕ್ಕೆ? ಒಂದು ಉದಾಹರಣೆ ಹೇಳುತ್ತೇನೆ. ಇಂಗ್ಲೆಂಡಿನವರು 1971ರಲ್ಲಿ ಶುರುಮಾಡಿದ ಕ್ಯಾಮ್ರಾ ಅನ್ನುವ ಬಿಯರ್ ಪ್ರಿಯರ ಸಂಘ ಪಬ್‌ಗಳಿಗೆ ವರ್ಷ ವರ್ಷ ಪ್ರಶಸ್ತಿ ಕೊಡುತ್ತದೆ. ಅದರ ಸದಸ್ಯರು ತಾವು ಕುಡಿದ ಬಿಯರ್‌ಗೆ 0ರಿಂದ 5ರವರೆಗೆ ಅಂಕ ಹಾಕುತ್ತಾರೆ. ಆ ಬಗೆಯ ಬಿಯರ್ ನಿನಗೆ ಇಷ್ಟವೋ ಇಲ್ಲವೋ ಅಂತ ನೋಡಬೇಡ, ಪಬ್‌ನವರು ಅದನ್ನು ಯಾವ ಸ್ಥಿತಿಯಲ್ಲಿ ಕೊಟ್ಟರು ಅಂತ ನೋಡು ಅನ್ನುವುದು ಅಲ್ಲಿನ ಕ್ರಮ. ನಾವು ಮಾಡುವುದೂ ಅದನ್ನೇ. 70 ಪಾಲು ಕಾಫಿಗೆ 30 ಪಾಲು ಚಿಕೋರಿ ಬೆರೆಸಿದ ಪುಡಿಯೋ, ಚಿಕೋರಿ ಇಲ್ಲದ್ದೋ, ಅದು ಹೋಟೆಲ್‌ನವರ ಇಷ್ಟ. ಡಿಕಾಕ್ಷನ್ ಯಾವಾಗ ಇಳಿಸಿದ್ದು, ಹಾಲು ಎಷ್ಟು ಸಲ ಕಾದಿದೆ, ಬೆಳಗ್ಗೆ 7ಕ್ಕೆ ಸಿಕ್ಕ ರುಚಿ ಸಂಜೆ 4ಕ್ಕೂ ಸಿಗುತ್ತದಾ, ಸಕ್ಕರೆ ಬೇಡ ಅಂದರೆ ಮುಖ ಗಂಟು ಹಾಕದೆ ಕೊಡುತ್ತಾರಾ, ಇದಕ್ಕೆಲ್ಲ ಅಂಕ. ನಿಮ್ಮ ಬೀದಿ ಹೋಟೆಲ್ ಬೆಳಗ್ಗೆ ಚೆನ್ನಾಗಿಯೇ ಅಂಕ ತೆಗೆದಿತ್ತು. ಸಂಜೆ ಹೋದವರೆಲ್ಲ ಹಾಲು ಸೀದ ವಾಸನೆ ಅಂತ ಬರೆದಿದ್ದಾರೆ, ಅದೂ ಬೇರೆ ಬೇರೆ ದಿನ ಹೋದವರು. ಸೋತಿದ್ದು ಅಲ್ಲಿ.

ಕಾಫಿಯ ಮಾತು ಬಂದಿದ್ದಕ್ಕೆ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. "ಒಳ್ಳೆ ಬೀಜ ಎಲ್ಲಾ ಫಾರಿನ್‌ಗೆ ಹೋಗುತ್ತದೆ, ನಮಗೆ ಸಿಗುವುದು ಕಸ" ಅನ್ನುತ್ತಾರಲ್ವಾ? ನಮ್ಮ ದೇಶದ ಬೆಳೆಯಲ್ಲಿ ದೊಡ್ಡ ಪಾಲು ರಫ್ತಾಗುವುದು ನಿಜ. ಆದರೆ ನಮ್ಮ ಎಂ.ಜಿ. ರಸ್ತೆಯ ಪುಡಿ ಅಂಗಡಿಗಳಲ್ಲಿ ಕೇಳಿದರೆ ಒಳ್ಳೆ ಬೀಜ ಸಿಗುತ್ತದೆ. ನಾವು ಕೇಳುವುದೇ ಇಲ್ಲ, ಅರ್ಧ ಕೆಜಿ ಕೊಡಿ ಅಂತ ಹೇಳಿ ಫೋನ್ ನೋಡುತ್ತಾ ನಿಂತಿರುತ್ತೇವೆ. ಅರೇಬಿಕಾ ಜಾತಿಯ ಕಾಫಿ ಬೀಜ ಎಷ್ಟು, ರೋಬಸ್ಟಾ ಜಾತಿಯದ್ದು ಎಷ್ಟು, ಚಿಕೋರಿ ಎಷ್ಟು ಅಂತ ಕೇಳಿ. ನಿಜವಾಗಿ ತಲೆಗೇರುವ ಕಾಫಿ ಬೇಕಾದರೆ ರೋಬಸ್ಟಾ ಸ್ವಲ್ಪ ಜಾಸ್ತಿ ಹಾಕಿಸಿ, ಅದರಲ್ಲಿ ಕೆಫೀನ್ ಅರೇಬಿಕಾದ ಹತ್ತಿರ ಹತ್ತಿರ ಎರಡರಷ್ಟು ಇರುತ್ತದೆ. ಎದುರಲ್ಲೇ ಪುಡಿ ಮಾಡಿಸಿ. ಒಂದೆರಡು ವಾರಕ್ಕೆ ಆಗುವಷ್ಟು ಮಾತ್ರ ತಗೊಂಡು, ಗಾಳಿ ಆಡದ ಡಬ್ಬಿಗೆ ಹಾಕಿ ಮುಚ್ಚಿಡಿ.