ಗಂಟೆ ದರ: ಸಂಬಳವನ್ನು ಭಾಗಿಸಿದರೆ ಸಿಗದ ಅಂಕಿ

‘ವರ್ಚುವಲ್ ಅಸಿಸ್ಟೆಂಟ್ ಕೇಳುವ ಗಂಟೆ ದರ ನಮ್ಮ ನೌಕರರ ಗಂಟೆ ದರಕ್ಕಿಂತ ಜಾಸ್ತಿ, ಹಾಗಾಗಿ ದುಬಾರಿ’ ಎಂಬ ಲೆಕ್ಕ ಪದೇ ಪದೇ ಕಣ್ಣಿಗೆ ಬೀಳುತ್ತದೆ. (ವರ್ಚುವಲ್ ಅಸಿಸ್ಟೆಂಟ್ ಎಂದರೆ ನಮ್ಮ ನೌಕರರಲ್ಲದೆ, ದೂರದಿಂದಲೇ ಗಂಟೆ ಲೆಕ್ಕದಲ್ಲಿ ಕಚೇರಿ ಕೆಲಸ ಮಾಡಿಕೊಡುವ ಸಹಾಯಕರು.) ಇದರ ತಿರುವುಮುರುವು ರೂಪಕ್ಕೂ ಅಷ್ಟೇ ಚಲಾವಣೆಯಿದೆ: ‘ವಿಮೆ ಇಲ್ಲ, ಬೋನಸ್ ಇಲ್ಲ, ಕುರ್ಚಿ ಮೇಜೂ ಬೇಡ, ಆದ್ದರಿಂದ ಅಗ್ಗ.’ ಎರಡೂ ಕಡೆ ಎಡವಟ್ಟು ಒಂದೇ. ಗಂಟೆ ದರ ಎಂಬ ಮಾತನ್ನು ಎರಡು ಬೇರೆ ಬೇರೆ ಸಂಗತಿಗಳಿಗೆ ಬಳಸಿ, ಆಮೇಲೆ ಅವೆರಡನ್ನು ಹೋಲಿಸಲಾಗುತ್ತಿದೆ.

ವರ್ಚುವಲ್ ಅಸಿಸ್ಟೆಂಟ್‌ರ ಬಿಲ್ಲಿನಲ್ಲಿರುವ ಗಂಟೆ ನಿಮ್ಮ ಕೆಲಸ ನಡೆದ ಗಂಟೆ. ಅವರ ಊಟದ ವಿರಾಮ, ಜ್ವರ ಬಂದು ಮಲಗಿದ ದಿನ, ಲ್ಯಾಪ್‌ಟಾಪ್, ಇಂಟರ್ನೆಟ್, ತೆರಿಗೆ, ಬೇರೆ ಗಿರಾಕಿಯನ್ನು ಹುಡುಕುವ ಸಮಯ ಎಲ್ಲವೂ ಆ ದರದೊಳಗೇ ಅಡಗಿವೆ. ಸಂಬಳವನ್ನು ಭಾಗಿಸಿದಾಗ ಸಿಗುವ ಗಂಟೆಯಲ್ಲಿ ರಜೆಯೂ ಇದೆ, ಕಾಫಿಯೂ ಇದೆ, ಸರ್ವರ್ ಸರಿಹೋಗಲಿ ಎಂದು ಕಾದು ಕೂತ ಮಧ್ಯಾಹ್ನವೂ ಇದೆ. ಸಂಬಳದ ಹೊರಗೆ ಉದ್ಯೋಗದಾತರು ಕಟ್ಟುವ ಹಣ ಮಾತ್ರ ಇಲ್ಲ. ಹೀಗಾಗಿ ಅಂಶ ಚಿಕ್ಕದಾಯಿತು, ಛೇದ ದೊಡ್ಡದಾಯಿತು. ಎರಡು ತಪ್ಪೂ ದರವನ್ನು ಒಂದೇ ದಿಕ್ಕಿಗೆ, ಕೆಳಕ್ಕೇ ಎಳೆಯುತ್ತವೆ.

ಒಂದು ಊಹೆಯ ಲೆಕ್ಕ ಹಾಕೋಣ. ವಾರಕ್ಕೆ 40 ಗಂಟೆಯಂತೆ 52 ವಾರಕ್ಕೆ 2080 ಗಂಟೆ. ವಾರ್ಷಿಕ ಸಂಬಳವೂ 2080 (ರೂಪಾಯಿಯೋ ಡಾಲರೋ, ಯಾವುದಾದರೂ ಸರಿ) ಎಂದಿಟ್ಟುಕೊಂಡರೆ ಮೇಲ್ನೋಟದ ದರ ಗಂಟೆಗೆ 1. ಈಗ ಕಡ್ಡಾಯ ವಂತಿಗೆ (ಭವಿಷ್ಯ ನಿಧಿಯಂಥದ್ದು), ವಿಮೆ, ಬೋನಸ್ ಸೇರಿ ಸಂಬಳದ 20%, ಕಂಪ್ಯೂಟರ್, ಸಾಫ್ಟ್‌ವೇರ್ ಮತ್ತು ಜಾಗಕ್ಕೆ 10%, ನೇಮಕಾತಿ, ತರಬೇತಿ, ಸಂಬಳ ಪಟ್ಟಿಯ ನಿರ್ವಹಣೆಗೆ 5% ಸೇರಿಸಿ. ಒಟ್ಟು ವೆಚ್ಚ 2808. ಇನ್ನು ಗಂಟೆಗಳ ಕಡೆ ಬನ್ನಿ. ವರ್ಷದ 260 ಕೆಲಸದ ದಿನಗಳಲ್ಲಿ ಎಲ್ಲ ಬಗೆಯ ಸಂಬಳ ಸಹಿತ ರಜೆ 32 ದಿನ ಕಳೆದರೆ 228 ದಿನ. ದಿನದ 8 ಗಂಟೆಯಲ್ಲಿ ಕೈಗೆತ್ತಿಕೊಂಡ ಕೆಲಸಕ್ಕೇ ಸಲ್ಲುವುದು 6 ಗಂಟೆ ಎಂದರೆ ವರ್ಷಕ್ಕೆ 1368. ಈಗ 2808ನ್ನು 1368ರಿಂದ ಭಾಗಿಸಿ: 2.05. ಒಂದು ಎಂದುಕೊಂಡಿದ್ದ ದರ ಎರಡನ್ನು ದಾಟಿತು. ಗಂಟೆಗೆ 1.6 ಕೇಳುವ ಅಸಿಸ್ಟೆಂಟ್‌ರನ್ನು ದುಬಾರಿ ಎಂದು ತಳ್ಳಿಹಾಕಿದ್ದು ಈ ಒಂದನ್ನು ನಂಬಿ. ನಿಮ್ಮ ಶೇಕಡಾವಾರು ಬೇರೆ ಇರುತ್ತವೆ, ಅವನ್ನೇ ಹಾಕಿಕೊಳ್ಳಿ. ಕ್ರಮ ಮಾತ್ರ ಇದೇ.

ಇಷ್ಟು ತಿಳಿದವರೂ ಜಾರುವ ಜಾಗ ಒಂದಿದೆ. ಅಮೆರಿಕದ ಕಾರ್ಮಿಕ ಅಂಕಿಅಂಶ ಬ್ಯೂರೋ ಪ್ರಕಾರ ಅಲ್ಲಿನ ಖಾಸಗಿ ಉದ್ಯೋಗದಾತರು ನೌಕರರ ಮೇಲೆ ಮಾಡುವ ವೆಚ್ಚದಲ್ಲಿ ಸುಮಾರು 70% ಸಂಬಳ, 30% ಸೌಲಭ್ಯ. ಇದನ್ನು ಓದಿ ‘ಸಂಬಳಕ್ಕೆ 30% ಸೇರಿಸಿ’ ಎಂದು ಬರೆಯುವವರು ಬಹಳ. ಅದು ಒಟ್ಟು ವೆಚ್ಚದ 30%. ಸಂಬಳದ ಮೇಲೆ ಲೆಕ್ಕ ಹಾಕಿದರೆ 43% ಆಗುತ್ತದೆ. ಅಷ್ಟೇ ಅಲ್ಲ, ಆ 30%ರಲ್ಲಿ ಸಂಬಳ ಸಹಿತ ರಜೆಯ ಹಣವೂ ಸೇರಿದೆ. ಅದನ್ನು ವೆಚ್ಚಕ್ಕೆ ಕೂಡಿಸಿ, ಗಂಟೆಗಳಲ್ಲೂ ರಜೆ ಕಳೆದರೆ ಒಂದೇ ರಜೆಯನ್ನು ಎರಡು ಸಲ ಎಣಿಸಿದಂತೆ. ರಜೆಯನ್ನು ಒಂದೇ ಕಡೆ ಇಡಿ, ಮೇಲಿನ ವೆಚ್ಚದಲ್ಲಾದರೂ ಸರಿ, ಕೆಳಗಿನ ಗಂಟೆಗಳಲ್ಲಾದರೂ ಸರಿ.

ಹಾಗೆಂದು ಅಸಿಸ್ಟೆಂಟ್‌ರ 1.6 ಅಂತಿಮ ದರವೇನೂ ಅಲ್ಲ. ಏಜೆನ್ಸಿಗಳು ಸಾಮಾನ್ಯವಾಗಿ ರಿಟೇನರ್ ಮಾರುತ್ತವೆ: ತಿಂಗಳಿಗೆ 40 ಗಂಟೆಗೆ ಮುಂಗಡ ಹಣ, ಬಳಸದ ಗಂಟೆ ಮುಂದಿನ ತಿಂಗಳಿಗೆ ಸಾಗದು. ನೀವು 30 ಗಂಟೆ ಬಳಸಿದರೆ 64 ಕೊಟ್ಟು 30 ಗಂಟೆ ಕೊಂಡಂತಾಯಿತು, ದರ 2.13. ಬಿಲ್ಲಿನ ನಿಮಿಷಗಳನ್ನು ಮುಂದಿನ ಪೂರ್ಣ ಘಟಕಕ್ಕೆ ಏರಿಸುವ ಪದ್ಧತಿ ಇನ್ನೊಂದು. 15 ನಿಮಿಷಕ್ಕೊಂದು ಘಟಕ ಎಂದು ಒಪ್ಪಂದವಿದ್ದರೆ, ಐದು ನಿಮಿಷದ ನಾಲ್ಕು ಕೆಲಸಗಳನ್ನು ನಾಲ್ಕು ಹೊತ್ತಿನಲ್ಲಿ ಕಳಿಸಿದ ದಿನ 20 ನಿಮಿಷದ ಕೆಲಸಕ್ಕೆ ಒಂದು ಗಂಟೆಯ ಬಿಲ್ ಬರುತ್ತದೆ. ಅವೇ ನಾಲ್ಕನ್ನು ಒಟ್ಟಿಗೆ ಕಳಿಸಿದರೆ ಅರ್ಧ ಗಂಟೆ. ಒಪ್ಪಂದದಲ್ಲಿ ಆರು ನಿಮಿಷದ ಘಟಕ ಕೇಳಿ, ಸಿಗದಿದ್ದರೆ ಸಣ್ಣ ಕೆಲಸಗಳನ್ನು ಗುಡ್ಡೆಹಾಕಿ ದಿನಕ್ಕೊಮ್ಮೆ ಕಳಿಸಿ. ಸಾಫ್ಟ್‌ವೇರ್ ಖರ್ಚೂ ಪೂರ್ತಿ ತಪ್ಪುವುದಿಲ್ಲ: ಮೇಲ್ ಖಾತೆ, ಪಾಸ್‌ವರ್ಡ್ ಮ್ಯಾನೇಜರ್, ಲೆಕ್ಕದ ತಂತ್ರಾಂಶ ಇವುಗಳಲ್ಲಿ ಅವರಿಗೂ ಒಂದೊಂದು ಲೈಸೆನ್ಸ್ ನೀವೇ ಕೊಡಬೇಕು.

ಇವೆಲ್ಲಕ್ಕಿಂತ ದೊಡ್ಡ ಬಾಬ್ತು ಎಲ್ಲೂ ಬರೆದಿರುವುದಿಲ್ಲ. ಅದು ನಿಮ್ಮದೇ ಸಮಯ. ಹೊರಗಿನವರಿಗೆ ಕೆಲಸ ವಿವರಿಸಲು, ತಿದ್ದಲು ತಿಂಗಳಿಗೆ ಮೂರು ಗಂಟೆ ಹಿಡಿದರೆ, ನಿಮ್ಮ ಗಂಟೆಯ ಬೆಲೆ 5 ಆದರೆ, ಮೇಲಿನ 64ಕ್ಕೆ 15 ಸೇರಿ ದರ 2.63 ಆಗುತ್ತದೆ. ಇದನ್ನು ಒಂದೇ ಕಡೆ ಹಾಕುವುದು ಅನ್ಯಾಯ. ಒಳಗಿನ ನೌಕರರಿಗೂ ವಿವರಿಸಬೇಕು, ತಿದ್ದಬೇಕು. ಆ ಗಂಟೆಗಳನ್ನೂ ಗುರುತು ಹಾಕಿಕೊಳ್ಳಿ. ವ್ಯತ್ಯಾಸ ಹೆಚ್ಚಾಗಿ ಕಾಣುವುದು ಮೊದಲ ತಿಂಗಳುಗಳಲ್ಲಿ. ಕೆಲಸದ ಕ್ರಮವನ್ನು ಹಂತಹಂತವಾಗಿ ಬರೆದಿಟ್ಟಿದ್ದರೆ ಅದು ಬೇಗ ಇಳಿಯುತ್ತದೆ. ಬರೆದಿಡದಿದ್ದರೆ ಅಸಿಸ್ಟೆಂಟ್ ಬದಲಾದಾಗಲೆಲ್ಲ ವಿವರಣೆ ಮೊದಲಿಂದ ಶುರು.

ದರ ಎಷ್ಟೇ ನಿಖರವಾಗಿರಲಿ, ಕೆಲಸದ ಪ್ರಮಾಣ ಹೇಳದೆ ಹೋಲಿಸಿದರೆ ಪ್ರಯೋಜನವಿಲ್ಲ. ನಮ್ಮ ಲೆಕ್ಕದ ನೌಕರರಿಗೆ ತಿಂಗಳ ವೆಚ್ಚ 234, ಅವರು ಕೊಡಬಲ್ಲದ್ದು 114 ಗಂಟೆ. ಕೆಲಸವೇ 30 ಗಂಟೆಯಷ್ಟಿದ್ದರೆ ಆ 234 ಕಡಿಮೆಯಾಗದು, ಗಂಟೆಗೆ 7.8 ಬೀಳುತ್ತದೆ. ಇಲ್ಲಿ 2.05 ಎಂಬ ಅಂಕಿಗೆ ಅರ್ಥವೇ ಇಲ್ಲ. ಕೆಲಸ 100 ಗಂಟೆ ದಾಟಿದಾಗ ಚಿತ್ರ ಬದಲಾಗಬಹುದು. ಕೆಲಸದ ಒಳಸುಳಿ ಗೊತ್ತಿಲ್ಲದ ಅಸಿಸ್ಟೆಂಟ್‌ಗೆ ನೌಕರರ ಒಂದು ಗಂಟೆಯ ಕೆಲಸಕ್ಕೆ ಒಂದೂವರೆ ಗಂಟೆ ಬೇಕಾದರೆ ಅವರ ನಿಜವಾದ ದರ 2.4, ಸುಮಾರು 97 ಗಂಟೆಗೇ ಎರಡೂ ವೆಚ್ಚ ಸಮವಾಗುತ್ತವೆ. ಅದರಾಚೆ ಸಂಬಳದ ಸಿಬ್ಬಂದಿಯೇ ಅಗ್ಗ.

ಮನೆಯಿಂದ ಕೆಲಸ ಮಾಡುವ ಸಂಬಳದ ನೌಕರರನ್ನು ವರ್ಚುವಲ್ ಅಸಿಸ್ಟೆಂಟ್ ಎಂದು ಕರೆಯುವುದನ್ನೂ ಬಿಡಬೇಕು. ಅವರಿಂದ ಉಳಿತಾಯವಾಗುವುದು ಕಚೇರಿಯ ಜಾಗದ ಖರ್ಚು ಮಾತ್ರ, ಮಿಕ್ಕ ವೆಚ್ಚ ಹಾಗೆಯೇ ಇರುತ್ತದೆ. ಹಾಗೆಯೇ ಸ್ವತಂತ್ರವಾಗಿ ದುಡಿಯುವವರಿಗೆ ಸಮಯ ನಿಗದಿ ಮಾಡಿ, ಕಂಪ್ಯೂಟರ್ ಕೊಟ್ಟು, ಬೇರೆ ಗಿರಾಕಿ ಹಿಡಿಯಬಾರದೆಂದು ಕಟ್ಟುಪಾಡು ಹಾಕಿದರೆ ಅನೇಕ ದೇಶಗಳ ಕಾನೂನು ಅವರನ್ನು ನೌಕರರೆಂದೇ ಎಣಿಸಬಹುದು. ಕ್ಯಾಲಿಫೋರ್ನಿಯಾದಲ್ಲಿ 2020ರಿಂದ ಜಾರಿಯಲ್ಲಿರುವ ಎಬಿ5 ಕಾಯ್ದೆಯಡಿ, ಅವರು ನೌಕರರಲ್ಲ ಎಂದು ಸಾಬೀತು ಮಾಡುವ ಹೊಣೆ ಕೆಲಸ ಕೊಟ್ಟವರದು. ಅದು ಹೇಳುವ ಮೂರು ಷರತ್ತುಗಳಲ್ಲಿ ಒಂದು ತಪ್ಪಿದರೂ ಸಾಮಾನ್ಯವಾಗಿ ನೌಕರರೇ. ಹಾಗಾದಾಗ ಉಳಿಸಿದ್ದೆಂದುಕೊಂಡ ವಂತಿಗೆ ಬಾಕಿಯಾಗಿ ಹಿಂತಿರುಗುತ್ತದೆ, ದಂಡವೂ ಸೇರಿಕೊಳ್ಳಬಹುದು.

ಹೋಲಿಕೆಗೆ ಕೂರುವ ಮೊದಲು ಎರಡು ವಾರ ಕೆಲಸದ ಪಟ್ಟಿ ಬರೆಯಿರಿ: ಯಾವ ಕೆಲಸ, ಎಷ್ಟು ನಿಮಿಷ, ದಿನಕ್ಕೆ ಎಷ್ಟು ಸಲ, ತಕ್ಷಣ ಆಗಬೇಕೋ ನಾಳೆಗಾದರೂ ನಡೆಯುತ್ತದೋ. ಫೋನ್ ಬಂದ ಕೂಡಲೇ ಎತ್ತುವಂಥ ಕೆಲಸ ನಿಮಿಷಗಳಲ್ಲಿ ಚಿಕ್ಕದು, ಆದರೆ ಅದಕ್ಕಾಗಿ ಯಾರಾದರೂ ದಿನವಿಡೀ ಸಿದ್ಧವಾಗಿರಬೇಕು. ಆ ಕಾಯುವಿಕೆಗೆ ಅಸಿಸ್ಟೆಂಟ್ ಬಿಲ್ ಹಾಕುತ್ತಾರೋ ಇಲ್ಲವೋ ಎಂಬುದನ್ನು ಒಪ್ಪಂದಕ್ಕೆ ಸಹಿ ಹಾಕುವ ಮುಂಚೆಯೇ ಬರಹದಲ್ಲಿ ಕೇಳಿಕೊಳ್ಳಿ.