ಕಟ್ಟಡ ನಿಯಮ ಇದ್ದರೂ ಮನೆ ಬೀಳುವುದು ಯಾಕೆ?

ಪ್ರಶ್ನೆ: ಬಡ ದೇಶಗಳಲ್ಲೂ ಕಟ್ಟಡ ನಿಯಮಗಳಿವೆ. ಆದರೂ ಭೂಕಂಪ ಬಂದಾಗ ಅಲ್ಲೇ ಜಾಸ್ತಿ ಮನೆಗಳು ಬೀಳುತ್ತವಲ್ಲ, ಯಾಕೆ?

ಉತ್ತರ: ಲಂಚ ಅಂತ ಒಂದೇ ಮಾತಲ್ಲಿ ಮುಗಿಸಿಬಿಡುವವರೇ ಜಾಸ್ತಿ. ಅದೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನನಗೆ ಕಾಣುವ ದೊಡ್ಡ ತೊಡಕು ಬೇರೆ. ನಿಯಮ ಬರೆಯುವುದು ಎಂಜಿನಿಯರಿಗೆ ಅರ್ಥವಾಗುವ ಹಾಗೆ. ಮನೆ ಕಟ್ಟುವವನು ಮೇಸ್ತ್ರಿ.

ರಿಂಗನ್ನೇ ತೆಗೆದುಕೊಳ್ಳಿ. ಪಿಲ್ಲರಿನ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ಚೌಕ ಅದು. ಅದರ ತುದಿಯನ್ನು 135 ಡಿಗ್ರಿ ಬಗ್ಗಿಸಿ ಒಳಮುಖ ಮಾಡಬೇಕು. 90ಕ್ಕೇ ನಿಲ್ಲಿಸಿದರೆ ಕೆಲಸ ಬೇಗ ಸಾಗುತ್ತದೆ. ಆದರೆ ನೆಲ ಜೋರಾಗಿ ಅಲುಗಿದಾಗ ಹೊರಗಿನ ಕಾಂಕ್ರೀಟ್ ಉದುರಿ, ರಿಂಗು ಬಿಚ್ಚಿಕೊಂಡು, ಕಂಬಿ ಹೊರಕ್ಕೆ ಬಾಗುತ್ತದೆ. ಸರಿಯಾಗಿ ಬಗ್ಗಿಸಲು ಖರ್ಚು ಹೆಚ್ಚೇನಿಲ್ಲ. ಯಾಕೆ ಬಗ್ಗಿಸಬೇಕು ಅಂತ ಎಷ್ಟೋ ಮೇಸ್ತ್ರಿಗಳಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೇ. ಕಾಂಕ್ರೀಟ್ ಹಾಕಿದ ಮೇಲೆ ಅಧಿಕಾರಿ ಬಂದು ನಿಂತರೂ ಅವನಿಗೆ ಕಾಣುವುದು ಬರೀ ನಯವಾದ ಪಿಲ್ಲರ್!

ನೇಪಾಳದ ಅನುಭವ ಇಲ್ಲಿ ಕೆಲಸಕ್ಕೆ ಬರುತ್ತದೆ. 1988ರ ಭೂಕಂಪದ ಪೆಟ್ಟು ತಿಂದ ಮೇಲೆ ಅಲ್ಲಿ 1994ರಲ್ಲಿ ಕಟ್ಟಡ ಸಂಹಿತೆ ತಯಾರಾಯಿತು. ಚಿಕ್ಕ ಮನೆಗಳಿಗೆ ಲೆಕ್ಕಾಚಾರವೇ ಬೇಡದ ನೇರ ಅಳತೆಗಳನ್ನೂ ಅದರಲ್ಲಿ ಕೊಟ್ಟಿದ್ದರು. ಒಳ್ಳೆಯ ಉಪಾಯ ಅಲ್ವಾ? ಆದರೂ ಅದನ್ನು ಮೊದಲು ಜಾರಿಗೆ ತಂದ ಲಲಿತಪುರ ನಗರಕ್ಕೇ 2003ರ ತನಕ ಸಮಯ ಹಿಡಿಯಿತು. ಬೇರೆ ಊರುಗಳು ಇನ್ನೂ ನಿಧಾನ. 2015ರ ಭೂಕಂಪದಲ್ಲಿ ಸುಮಾರು 9,000 ಜನ ಸತ್ತರು.

ಆಮೇಲೆ ಮನೆ ಕಟ್ಟಿಕೊಳ್ಳಲು ಸರ್ಕಾರ ಕುಟುಂಬಕ್ಕೆ 3 ಲಕ್ಷ ನೇಪಾಳಿ ರೂಪಾಯಿ ಕೊಟ್ಟಿತು, ಅದೂ ಮೂರು ಕಂತಿನಲ್ಲಿ. ತಳಪಾಯ ಎದ್ದಾಗ ಎಂಜಿನಿಯರ್ ಬಂದು ನೋಡಬೇಕು, ಸರಿಯಿದ್ದರೆ ಮುಂದಿನ ಕಂತು. ಜೊತೆಗೇ ಸಾವಿರಾರು ಮೇಸ್ತ್ರಿಗಳಿಗೆ ತರಬೇತಿ. ದಂಡದ ಹೆದರಿಕೆ ಮಾಡದ ಕೆಲಸವನ್ನು ಕಂತಿನ ಆಸೆ ಮಾಡಿಸಿತು. ಮನೆಯವರೇ ಮೇಸ್ತ್ರಿಯ ಬೆನ್ನು ಹತ್ತುವ ಹಾಗಾಯಿತು. ಇದಕ್ಕೆ ದುಡ್ಡು ಬೇಕು, ಊರೂರಿಗೆ ಹೋಗುವ ಎಂಜಿನಿಯರುಗಳು ಬೇಕು. ಎಲ್ಲ ದೇಶಕ್ಕೂ ಸುಲಭವಲ್ಲ.

ಇದಕ್ಕೆ ಉಲ್ಟಾ ದಾರಿ ‘ಸಕ್ರಮ’. ಟರ್ಕಿಯಲ್ಲಿ ನಿಯಮಗಳು ಚೆನ್ನಾಗಿಯೇ ಇದ್ದವು. ಆದರೆ 2018ರಲ್ಲಿ ಹಣ ಕಟ್ಟಿಸಿಕೊಂಡು ನಿಯಮ ಮೀರಿದ ಲಕ್ಷಾಂತರ ಕಟ್ಟಡಗಳಿಗೆ ದಾಖಲೆ ಕೊಟ್ಟರು. ಭೂಕಂಪ ತಡೆಯುತ್ತದೋ ಇಲ್ಲವೋ ಅನ್ನುವ ಹೊಣೆ ಮಾಲೀಕನದೇ ಅಂದರು. ದಾಖಲೆ ಬಂತು ಅಂತ ಪಿಲ್ಲರಿನೊಳಗೆ ಒಂದು ರಿಂಗೂ ಹೆಚ್ಚಾಗಲಿಲ್ಲ. 2023ರ ಫೆಬ್ರುವರಿಯಲ್ಲಿ ಅಲ್ಲಿ ನೆಲ ನಡುಗಿ 50,000ಕ್ಕೂ ಹೆಚ್ಚು ಜನ ಸತ್ತರು.