ಪಗಾರ ನಿಂತ ಮರುತಿಂಗಳು

ಜುಲೈ ಬಂತೆಂದರೆ ನಮ್ಮಂಥವರಿಗೆ ಸುಗ್ಗಿ. ಆದಾಯ ತೆರಿಗೆ ರಿಟರ್ನ್ ಹಾಕಿಸಲು ಬಂದವರು ಆಫೀಸಿನ ಮೆಟ್ಟಿಲ ಮೇಲೂ ಕೂತಿರುತ್ತಾರೆ. ಅಂಥದೊಂದು ದಿನ ಜೇವರ್ಗಿ ಕಡೆ ಖಾಸಗಿ ಶಾಲೆಯಲ್ಲಿ ಕಲಿಸುವ ಟೀಚರ್ ಒಬ್ಬರು ಬಂದಿದ್ದರು. ಜತೆಗೆ ಗಂಡ, ಅತ್ತೆ. ಗಂಡನ ರಿಟರ್ನ್ ಹತ್ತು ನಿಮಿಷದಲ್ಲಿ ಮುಗಿಯಿತು. ಎದ್ದು ನಿಂತಿದ್ದ ಆಕೆ ಮತ್ತೆ ಕೂತರು.

"ಮೇಡಂ, ನೌಕ್ರಿ ಬಿಡಬೇಕಂತ ಮಾಡೀನ್ರಿ. ಬಿಟ್ರ ಎಷ್ಟ್ ಲುಕ್ಸಾನ ಆಗ್ತದ ನೋಡಿ ಹೇಳ್ರಿ."

ಅತ್ತೆ ನಡುವೆ ಬಾಯಿ ಹಾಕಿದರು. "ಬಿ.ಎಡ್. ಮಾಡ್ಯಾಳ್ರಿ ಇಕಿ. ಅಷ್ಟ್ ಕಲ್ತು ಮನ್ಯಾಗ ಕುಂದ್ರೂದಂದ್ರ ಹ್ಯಾಂಗ್ರಿ?"

"ಕುಂದ್ರಂಗಿಲ್ರಿ ಅತ್ತಿ. ಮನ್ಯಾಗ ಇರ್ತೀನಿ."

ಇಪ್ಪತ್ತೆರಡು ವರ್ಷದಿಂದ ಕಲಬುರಗಿಯಲ್ಲಿ ಕುಳಿತು ಜನರ ತೆರಿಗೆ ಲೆಕ್ಕ ನೋಡುತ್ತಿದ್ದೇನೆ. ಕುಂದ್ರೋದು ಬೇರೆ, ಇರೋದು ಬೇರೆ ಅಂತ ಇಷ್ಟು ಚೊಕ್ಕವಾಗಿ ನನಗೆ ಯಾರೂ ಹೇಳಿರಲಿಲ್ಲ. ಎರಡೂ ಒಂದೇ ಅಂತ ನಾನೂ ತಿಳಿದಿದ್ದೆ ಅನ್ನಿ. ನೌಕರಿ ಬಿಡ್ತೀನಿ ಅಂತ ಹೆಣ್ಣುಮಕ್ಕಳು ಬಂದರೆ, ಯಾರೋ ಬಿಡಿಸುತ್ತಿದ್ದಾರೆ ಅಂತಲೇ ನನ್ನ ಅನುಮಾನ. ಹಲವು ಸಲ ಅದು ಖರೇನೂ ಆಗಿತ್ತು. ಆದರೆ ಈಕೆಯ ಮನೆಯವರಿಗೆ ಈಕೆ ನೌಕರಿ ಬಿಡುವುದೇ ಬೇಡವಾಗಿತ್ತು.

ಅದಕ್ಕೇ ಮೊದಲು ಕಾಗದ ತೆಗೆದುಕೊಂಡೆ. ಪಗಾರ ಹದಿನಾಲ್ಕೂವರೆ ಸಾವಿರ. ಪಿ.ಎಫ್. (ಭವಿಷ್ಯ ನಿಧಿ) ಕಟ್ಟಾಗಿ ಕೈಗೆ ಬರುವುದು ಸುಮಾರು 13,000. ಈಗ ಖರ್ಚು. ಬಸ್ಸಿಗೆ ಸೊನ್ನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳ ಲೆಕ್ಕದಲ್ಲಿ ಆ ಸಾಲೇ ನಾನು ಬರೆಯುವುದಿಲ್ಲ. ಆದರೆ ಮನೆಯಿಂದ ಬಸ್ ಸ್ಟ್ಯಾಂಡಿಗೆ ಆಟೋ ಬೇಕಲ್ವಾ? ಅದು ತಿಂಗಳಿಗೆ 1,000. ಸಣ್ಣ ಮಗಳನ್ನು ನೋಡಿಕೊಳ್ಳುವ ಹೆಂಗಸಿಗೆ 4,000. ದೊಡ್ಡವನ ಟ್ಯೂಷನ್ನಿಗೆ 1,200. ಸಂಜೆ ಬಂದು ರೊಟ್ಟಿ ಬಡಿಯುವ ತ್ರಾಣ ಇರದ ದಿನ ಅಂಗಡಿಯಿಂದ ತರುವ ರೊಟ್ಟಿಗೆ 1,600. ಸೀರೆ, ಚಪ್ಪಲಿ, ಸ್ಟಾಫ್ ರೂಮಿನ ಹುಟ್ಟುಹಬ್ಬದ ವಂತಿಗೆ ಎಲ್ಲ ಸೇರಿ ಇನ್ನೊಂದು 1,000. ಒಟ್ಟು 8,800. ಉಳಿದದ್ದು 4,200.

ಅತ್ತೆ ಕಾಗದ ಇಸಿದುಕೊಂಡು ಎರಡು ಸಲ ನೋಡಿದರು. "ಇಷ್ಟಕ್ಕs ಮುಂಜಾನಿ ಏಳಕ್ಕ ಓಡ್ತಾಳೇನ್ರಿ ಇಕಿ?" ಅಂದರು.

ಈ ಲೆಕ್ಕವನ್ನು ಈಗ ಮೊಬೈಲ್ ವಿಡಿಯೋಗಳಲ್ಲೂ ತೋರಿಸುತ್ತಾರೆ. ಅಲ್ಲಿಗೇ ನಿಲ್ಲಿಸಿ, "ಬಿಟ್ಟುಬಿಡಿ, ಲುಕ್ಸಾನ ಏನಿಲ್ಲ" ಅನ್ನುತ್ತಾರೆ. ನನ್ನ ತಕರಾರು ಇರುವುದು ಅಲ್ಲೇ. 4,200 ಮನೆಯ ಲುಕ್ಸಾನ. ಆಕೆಯ ಸ್ವಂತ ಲುಕ್ಸಾನ ಆ ಕಾಗದದ ಮೇಲೆ ಬಂದೇ ಇಲ್ಲ.

ಆಕೆಯ ಮೂಲ ವೇತನ 12,000. ಅದರ ಮೇಲೆ ಶೇ. 12ರಂತೆ ಪ್ರತಿ ತಿಂಗಳು 1,440 ರೂಪಾಯಿ ಪಿ.ಎಫ್. ಮುರಿಯುತ್ತಾರೆ. ಶಾಲೆಯವರೂ ಅಷ್ಟೇ ಹಾಕಬೇಕು. ಶಾಲೆಯವರ ಪಾಲಿನಲ್ಲಿ ಸುಮಾರು 1,000 ಪಿಂಚಣಿ ನಿಧಿಗೆ ಹೋಗುತ್ತದೆ, ಉಳಿದ 440 ಪಿ.ಎಫ್. ಖಾತೆಗೆ ಬೀಳುತ್ತದೆ. ಎರಡೂ ಕಡೆಯಿಂದ ಸೇರಿ ತಿಂಗಳಿಗೆ 2,880. ಇದು ಗಂಡನ ಹೆಸರಿನಲ್ಲಿಲ್ಲ, ಮಾವನ ಹೆಸರಿನಲ್ಲಿಲ್ಲ. ಕೈಗೆ ಬರುವ 13,000 ಮನೆಯ ಹುಂಡಿಗೆ ಬಿದ್ದು ಅಕ್ಕಿ, ಬೇಳೆ, ಫೀಸು ಆಗುತ್ತದೆ. ಈ 2,880 ಮಾತ್ರ ಯಾರ ಕಣ್ಣಿಗೂ ಬೀಳದೆ ಆಕೆಯದಾಗಿಯೇ ಇರುತ್ತದೆ. ನೌಕರಿ ಬಿಟ್ಟ ದಿನ ಮೊದಲು ನಿಲ್ಲುವುದು ಇದೇ, ಮತ್ತೆ ಯಾರಿಗೂ ನೆನಪಾಗದ್ದೂ ಇದೇ.

ಇಲ್ಲಿಗೆ ಬಂದಾಗ ನಾನು ಉಳಿದವರನ್ನು ಚಹಾಕ್ಕೆ ಕಳಿಸುತ್ತೇನೆ. ಅವರು ಹೊರಗೆ ಹೋದ ಮೇಲೆ ಒಂದೇ ಪ್ರಶ್ನೆ. "ನಾಳೆ ಮನೆಯವರೆಲ್ಲ ಖುಷಿಯಿಂದ ಹೋಗಿ ಬಾ ಅಂದರೆ ಹೋಗ್ತೀರಾ?" ಹೂಂ ಅಂದರೆ, ಅದು ಲೆಕ್ಕದ ವಿಷಯ ಅಲ್ಲ. ಮನೆಯಲ್ಲಿ ಕೂತು ಮಾತಾಡಬೇಕಾದ ವಿಷಯ. ಈಕೆ ಇಲ್ಲ ಅಂತ ತಲೆ ಅಲ್ಲಾಡಿಸಿದರು. "ಮಧ್ಯಾಹ್ನ ಮನಿ ತಣ್ಣಗ ಇರ್ತದ್ರಿ. ಮಗಳು ನನ್ನ ಬಾಜೂಕ ಮಲಗ್ತಾಳ. ತೊಗರಿ ಒಣ ಹಾಕ್ತೀನಿ, ಹಿಂಡಿ ಕುಟ್ಟತೀನಿ. ನನಗ ಅದs ಸೇರ್ತದ್ರಿ. ಇದನ್ನ ಅಂದ್ರ ಎಲ್ಲಾರೂ ನಗ್ತಾರ."

ನಾನು ನಗಲಿಲ್ಲ. ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ಮಧ್ಯಾಹ್ನ ತಣ್ಣಗಿರುವ ಮನೆ ಅಂದರೆ ಏನು ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬಿಡುವುದು ಗಟ್ಟಿ ಅಂತಾದ ಮೇಲೆ ಯಾವಾಗ ಬಿಡುವುದು ಅನ್ನುವುದು ಮುಖ್ಯ. ಆಕೆ ಸೇರಿದ್ದು ಜೂನ್ ತಿಂಗಳಲ್ಲಿ. ನಾಲ್ಕು ವರ್ಷ ತುಂಬಿ ಒಂದು ತಿಂಗಳಾಗಿತ್ತು. ಟೀಚರುಗಳು ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ, ಪರೀಕ್ಷೆ ಮುಗಿದ ಮೇಲೆ ಬಿಡುತ್ತಾರೆ. ಈಕೆಯೂ ಹಾಗೇ ಅಂದುಕೊಂಡಿದ್ದರು. ಏಪ್ರಿಲ್‌ನಲ್ಲಿ ಬಿಟ್ಟಿದ್ದರೆ ಐದು ವರ್ಷಕ್ಕೆ ಎರಡು ತಿಂಗಳು ಕಡಿಮೆ ಬೀಳುತ್ತಿತ್ತು. ಗ್ರಾಚ್ಯುಟಿಗೆ, ಅಂದರೆ ನೌಕರಿ ಬಿಡುವಾಗ ಮಾಲೀಕರು ಕೊಡುವ ಇಡಿಗಂಟಿಗೆ, ಸಾಮಾನ್ಯವಾಗಿ ಐದು ವರ್ಷ ಬೇಕು. ಲೆಕ್ಕ ಸುಲಭ: ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ವರ್ಷಗಳಿಂದ ಗುಣಿಸುವುದು. 12,000ಕ್ಕೆ ಐದು ವರ್ಷಕ್ಕೆ ಸುಮಾರು 34,600 ರೂಪಾಯಿ. ಎರಡು ತಿಂಗಳು ತಡೆದದ್ದಕ್ಕೆ ಇಷ್ಟು.

ಖಾಸಗಿ ಶಾಲೆಯವರಿಗೆ ಗ್ರಾಚ್ಯುಟಿ ಇಲ್ಲ ಅಂತ ಈಗಲೂ ಕೆಲವು ಆಡಳಿತ ಮಂಡಳಿಯವರು ಹೇಳುತ್ತಾರೆ. ಇದೆ. 2009ರಲ್ಲಿ ಕಾಯ್ದೆ ತಿದ್ದಿ ಶಿಕ್ಷಕರನ್ನು ಸೇರಿಸಿದರು, 1997ರ ಏಪ್ರಿಲ್ 3ರಿಂದಲೇ ಲಾಗೂ ಆಗುವಂತೆ. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಬಾಯಿಮಾತಿನಲ್ಲಿ ಜಗಳ ಬೇಡ, ಅರ್ಜಿ ಬರೆದುಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಪಿ.ಎಫ್. ವಿಷಯದಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಬಹಳ ವರ್ಷದ ಹಿಂದೆ ಲ್ಯಾಬ್ ಟೆಕ್ನಿಷಿಯನ್ ಒಬ್ಬರು ಎಂಟು ವರ್ಷ ದುಡಿದು ನೌಕರಿ ಬಿಟ್ಟರು. ಮನೆ ಮೇಲೆ ಒಂದು ರೂಮು ಕಟ್ಟಿಸಬೇಕಿತ್ತು. ಪಿ.ಎಫ್., ಪಿಂಚಣಿ ನಿಧಿ ಎರಡನ್ನೂ ತೆಗೆದುಬಿಡಿ ಅಂದೆ. ಫಾರಂ ನಾನೇ ತುಂಬಿಕೊಟ್ಟೆ. ಮಕ್ಕಳು ದೊಡ್ಡವರಾದ ಮೇಲೆ ಆಕೆ ಮತ್ತೆ ಕೆಲಸಕ್ಕೆ ಸೇರಿದರು. ಪಿ.ಎಫ್. ಪಿಂಚಣಿ ಸಿಗಲು ಹತ್ತು ವರ್ಷದ ಸೇವೆ ಬೇಕು. ಹಳೆಯ ಎಂಟು ಉಳಿದಿದ್ದರೆ ಇನ್ನೆರಡು ವರ್ಷ ಸಾಕಿತ್ತು. ಈಗ ಒಂದರಿಂದ ಎಣಿಸಬೇಕಾಯಿತು. ಹಣ ತೆಗೆಯುವ ಬದಲು ಸ್ಕೀಮ್ ಸರ್ಟಿಫಿಕೇಟ್ ತೆಗೆದುಕೊಂಡಿದ್ದರೆ ಆ ಎಂಟು ವರ್ಷ ಜಮೆಯಲ್ಲೇ ಇರುತ್ತಿತ್ತು. ಆಕೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಾಗಾಗಿ ಈಗ, ಮನೆಯೇ ಸೇರ್ತದ ಅನ್ನುವವರಿಗೂ ಇದನ್ನು ಹೇಳುತ್ತೇನೆ. ಇವತ್ತು ಸೇರ್ತದ. ಹತ್ತು ವರ್ಷದ ನಂತರ ಏನು ಸೇರ್ತದೋ ಯಾರು ಬಲ್ಲರು. ಸರ್ಟಿಫಿಕೇಟ್ ಅನ್ನ ಕೇಳುವುದಿಲ್ಲ, ಟ್ರಂಕಿನಲ್ಲಿ ಬಿದ್ದಿರಲಿ. ಒಟ್ಟು ಸೇವೆ ಐದು ವರ್ಷದೊಳಗಿದ್ದರೆ ತೆಗೆದ ಪಿ.ಎಫ್. ಹಣಕ್ಕೆ ತೆರಿಗೆಯೂ ಬರಬಹುದು. ಹಿಂದಿನ ಕಡೆಯಿಂದ ವರ್ಗ ಮಾಡಿಸಿಕೊಂಡ ಸೇವೆಯೂ ಈ ಐದರಲ್ಲಿ ಸೇರುತ್ತದೆ. ಅದನ್ನು ನೋಡಿಕೊಂಡೇ ಕೈ ಹಾಕಿ.

ಗೋರ್ಮೆಂಟ್ ನೌಕರಿ ಇರುವವರದು ಬೇರೆಯೇ ಕಥೆ. ಸಂವಿಧಾನದ 371ಜೆ ವಿಧಿಯಡಿ ನಮ್ಮ ಭಾಗದವರಿಗಿರುವ ಮೀಸಲಾತಿಯಲ್ಲಿ ಸಿಕ್ಕ ಹುದ್ದೆ ಬಿಡ್ತೀನಿ ಅಂದರೆ ಊರೇ ಬಂದು ಬುದ್ಧಿ ಹೇಳುತ್ತದೆ. ನಾನು ಹೇಳುವುದು ಇಷ್ಟೇ: ಮೊದಲು ರಜೆ ತೆಗೆದುಕೊಂಡು ನೋಡಿ. ರಾಜ್ಯದ ಮಹಿಳಾ ನೌಕರರಿಗೆ 180 ದಿನದ ಶಿಶುಪಾಲನಾ ರಜೆ ಇದೆ. ಆ ಆರು ತಿಂಗಳು ಮನೆ ಹೇಗಿರುತ್ತದೆ ಅಂತ ಗೊತ್ತಾಗುತ್ತದೆ. ರಾಜೀನಾಮೆಯೂ ಸ್ವಯಂ ನಿವೃತ್ತಿಯೂ ಒಂದೇ ಅಂತ ತಿಳಿದು ಸಹಿ ಹಾಕಿದವರನ್ನು ನೋಡಿದ್ದೇನೆ. ಒಂದೇ ಅಲ್ಲ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದ ಎನ್.ಪಿ.ಎಸ್. (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ನೌಕರರು ನಡುವೆ ಬಿಟ್ಟರೆ, ಸಣ್ಣ ಮೊತ್ತ ಇರುವವರನ್ನು ಬಿಟ್ಟು ಉಳಿದವರಿಗೆ ಖಾತೆಯಲ್ಲಿರುವ ಹಣದ ಶೇ. 80 ಭಾಗ ಪಿಂಚಣಿ ಕೊಳ್ಳಲೇ ಹೋಗುತ್ತದೆ. ಕೈಗೆ ದೊಡ್ಡ ಗಂಟು ಬರುತ್ತದೆ ಅಂತ ಪ್ಲಾಟಿಗೆ ಅಡ್ವಾನ್ಸ್ ಕೊಟ್ಟು ಬರಬೇಡಿ.

ಟೀಚರ್ ಕಡೆ ಬರೋಣ. ಗಂಡ ಚಹಾ ಕುಡಿದು ಬಂದರು. ನಾನು ಬರೆದುಕೊಟ್ಟದ್ದು ಒಂದೇ ಸಾಲು: ಪಗಾರ ನಿಂತ ಮರುತಿಂಗಳಿಂದ, ಒಂದನೇ ತಾರೀಖಿಗೆ, ನಿಮ್ಮ ಖಾತೆಯಿಂದ ಇವರ ಖಾತೆಗೆ 2,880 ತಾನಾಗಿ ಹೋಗಬೇಕು. ಬ್ಯಾಂಕಿನಲ್ಲಿ ಸೂಚನೆ ಬರೆದುಕೊಟ್ಟುಬಿಡಿ.

ಅವರಿಗೆ ಸ್ವಲ್ಪ ಚುಚ್ಚಿತು. "ನಾ ಏನ್ ಇಕಿನ್ನ ಬಿಟ್ಟು ಹೋಗ್ತೀನೇನ್ರಿ ಮೇಡಂ?"

"ಶಾಲೆಯವರೂ ಈಕೆ ಬಿಟ್ಟು ಹೋಗ್ತಾಳಂತ ಪಿ.ಎಫ್. ಹಾಕ್ತಿರಲಿಲ್ಲ ಸರ್" ಅಂದೆ.

ಈ ಹಣ ಎಲ್ಲಿಗೆ ಹೋಗಬೇಕು? ಪಿ.ಪಿ.ಎಫ್. (ಸಾರ್ವಜನಿಕ ಭವಿಷ್ಯ ನಿಧಿ) ನನಗೆ ಹಿಡಿಸುತ್ತದೆ. ಅಂಚೆ ಕಚೇರಿಯಲ್ಲೂ ತೆರೆಯಬಹುದು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಹಾಕಬಹುದು, 15 ವರ್ಷಕ್ಕೆ ಕೈಗೆ ಬರುತ್ತದೆ, ಬಡ್ಡಿಗೆ ತೆರಿಗೆ ಇಲ್ಲ. ಅದೇ ದುಡ್ಡನ್ನು ಹೆಂಡತಿ ಹೆಸರಲ್ಲಿ ಎಫ್.ಡಿ. ಇಟ್ಟರೆ ಬಡ್ಡಿ ಗಂಡನ ಆದಾಯಕ್ಕೇ ಸೇರುತ್ತದೆ. ಕೊಟ್ಟದ್ದು ಗಂಡ ಅಲ್ವಾ, ಹಾಗಾಗಿ. ಹೆಂಡತಿಗೆ ಕೊಟ್ಟ ದುಡ್ಡಿಗೇ ತೆರಿಗೆ ಬೀಳುತ್ತದೆ ಅಂತ ಹೆದರಿ ಕೊಡದೇ ಇರುವವರೂ ಇದ್ದಾರೆ. ಕೊಟ್ಟದ್ದಕ್ಕೆ ತೆರಿಗೆ ಇಲ್ಲ, ಅದು ದುಡಿದ ಬಡ್ಡಿಗೆ ಮಾತ್ರ. ಎನ್.ಪಿ.ಎಸ್. ಖಾತೆಗೂ ನೌಕರಿ ಇರಲೇಬೇಕೆಂದಿಲ್ಲ. 40 ದಾಟದ, ಆದಾಯ ತೆರಿಗೆ ಕಟ್ಟದವರಿಗೆ ಅಟಲ್ ಪಿಂಚಣಿಯೂ ಇದೆ, 60ರ ನಂತರ ತಿಂಗಳಿಗೆ 1,000ದಿಂದ 5,000ದವರೆಗೆ.

ಇಷ್ಟೆಲ್ಲ ಯಾಕೆ ಹಟ ಹಿಡಿಯುತ್ತೇನೆ ಅಂದರೆ, ಮನೆಗೆಲಸಕ್ಕೆ ಈ ದೇಶದಲ್ಲಿ ಬೆಲೆ ಕಟ್ಟುವುದನ್ನು ನಾನು ನೋಡಿದ ಜಾಗ ಒಂದೇ, ರಸ್ತೆ ಅಪಘಾತದ ಪರಿಹಾರದ ಕೇಸು. ಗೃಹಿಣಿ ಸತ್ತರೆ ಆಕೆಯ ದುಡಿಮೆಗೆ ಒಂದು ಅಂದಾಜು ಆದಾಯ ಹಿಡಿಯುತ್ತಾರೆ. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇಂಥದೇ ಒಂದು ತೀರ್ಪಿನಲ್ಲಿ 2011ರ ಜನಗಣತಿ ತೆಗೆದು ತೋರಿಸಿತು. ಮನೆಗೆಲಸವೇ ನನ್ನ ಮುಖ್ಯ ಕೆಲಸ ಅಂದ ಹೆಂಗಸರು ಸುಮಾರು 16 ಕೋಟಿ, ಗಂಡಸರು ಸುಮಾರು 58 ಲಕ್ಷ. ಕೇಂದ್ರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸು ದಿನಕ್ಕೆ 299 ನಿಮಿಷ ಅದಕ್ಕೆ ಕೊಡುತ್ತಾಳೆ, ಗಂಡಸು 97. ಐದು ತಾಸಿನ ಈ ಕೆಲಸಕ್ಕೆ ಪಾಸ್‌ಬುಕ್ ಇಲ್ಲ. ಬದುಕಿರುವಾಗಲೇ ಒಂದು ಮಾಡಿಸಿಕೊಳ್ಳಿ ಅಂತ ನನ್ನ ವಾದ.

ಇನ್ನೊಂದು ಮಾತು ಕೇಳಿ ಕೇಳಿ ನನಗೆ ಬೇಸರ ಬಂದಿದೆ. ಮನೆಯಲ್ಲೇ ಇರ್ತೀನಿ ಅಂದ ಮರುದಿನವೇ ಬೀಗರು ಶುರುಮಾಡುತ್ತಾರೆ, "ಸುಮ್ನ ಕುಂದ್ರಬ್ಯಾಡ, ರೊಟ್ಟಿ ಧಂದೆ ಮಾಡು." ಕಲಬುರಗಿ ರೊಟ್ಟಿ ಈಗ ಬ್ರ್ಯಾಂಡ್ ಆಗಿದೆ, ಖರೇ. 2025ರಲ್ಲಿ ಪ್ರಧಾನಿಯವರ ಮನ್ ಕಿ ಬಾತ್‌ನಲ್ಲೂ ಅದರ ಮಾತು ಬಂತು, ದಿನಕ್ಕೆ ಮೂರು ಸಾವಿರಕ್ಕೂ ಜಾಸ್ತಿ ರೊಟ್ಟಿ ಆಗುತ್ತದೆ ಅಂತ. ಮಾಡುವ ಮನಸ್ಸಿದ್ದರೆ ಮಾಡಿ. ಆಹಾರ ಸುರಕ್ಷತಾ ಇಲಾಖೆಯ ನೋಂದಣಿ ಮಾಡಿಸಿ, ಬಂದ ದುಡ್ಡು ನಿಮ್ಮ ಖಾತೆಗೇ ಬರಲಿ. ಆದರೆ ಬೆಳಗಿನಿಂದ ಒಲೆ ಮುಂದೆ ನೂರು ರೊಟ್ಟಿ ಬಡಿಯುವುದು ಮನೆಯಲ್ಲಿ ಇರುವುದಲ್ಲ. ಅದು ಮನೆಯೊಳಗೇ ಇರುವ ನೌಕರಿ. ನೌಕರಿ ಬೇಡ ಅಂತ ಬಂದವರಿಗೆ ಅದನ್ನೇ ಹಿಂಬಾಗಿಲಿಂದ ಕೊಡುವುದು ಯಾವ ನ್ಯಾಯ?

ಆ 58 ಲಕ್ಷ ಗಂಡಸರಲ್ಲಿ ಸೇರಬೇಕಾದ ಒಬ್ಬರು ನನ್ನ ಕಕ್ಷಿದಾರರು. ಬೆಂಗಳೂರಿನಲ್ಲಿ ನೌಕರಿ ಇತ್ತು. ತಂದೆಗೆ ಪಾರ್ಶ್ವವಾಯು ಹೊಡೆದ ಮೇಲೆ ಕಮಲಾಪುರಕ್ಕೆ ಬಂದರು. ಹೆಂಡತಿ ಸರ್ಕಾರಿ ದವಾಖಾನೆಯಲ್ಲಿ ನರ್ಸ್. ತಂದೆ ಎರಡು ವರ್ಷಕ್ಕೆ ಚೇತರಿಸಿಕೊಂಡರು, ಇವರು ಮಾತ್ರ ಮರಳಿ ಹೋಗಲಿಲ್ಲ. ಅಡುಗೆ, ಮಕ್ಕಳ ಸಾಲಿ, ಸಂಜೆ ತಂದೆಯ ಕೈ ಹಿಡಿದು ನಡೆಸುವುದು. ಅದೇ ಅವರಿಗೆ ಹಿಡಿಸಿತ್ತು. ಹೆಂಡತಿ ತನ್ನ ಪಗಾರದಿಂದ ತಿಂಗಳಿಗೆ ಐದು ಸಾವಿರ ಅವರ ಪಿ.ಪಿ.ಎಫ್.ಗೆ ಹಾಕುತ್ತಾರೆ. ನಾನು ಹೇಳಿದ್ದಲ್ಲ, ಅವರಿಗೇ ಹೊಳೆದದ್ದು.

ಹೋದ ವರ್ಷ ಖಾತೆಯ ಕೆವೈಸಿ ಫಾರಂ ತುಂಬಲು ಬಂದಿದ್ದರು. ಉದ್ಯೋಗ ಅನ್ನುವ ಸಾಲಿನಲ್ಲಿ ಗೃಹಿಣಿ ಅಂತಿತ್ತು, ನಿವೃತ್ತ, ವಿದ್ಯಾರ್ಥಿ, ಕೃಷಿಕ, ಇತರೆ ಅಂತಿತ್ತು. ಪೆನ್ನು ಹಿಡಿದು ಬಹಳ ಹೊತ್ತು ಕೂತರು. "ಕೃಷಿಕ ಅಂತ ಬರೀರಿ, ಹೊಲ ಇದೆಯಲ್ಲ" ಅಂದೆ.

"ಹೊಲ ಬ್ಯಾರೇದವರಿಗಿ ಕೋರಿಗಿ ಕೊಟ್ಟೀವ್ರಿ ಮೇಡಂ. ಸುಳ್ಳ ಯಾಕ ಬರೀಲಿ?"

ಗೃಹಿಣಿ ಅನ್ನುವುದರ ಮುಂದೆ ಟಿಕ್ ಹಾಕಿದರು. ಬ್ಯಾಂಕಿನವರು ವಾಪಸ್ ಕಳಿಸಿದರು, ಲಿಂಗ ಹೊಂದುತ್ತಿಲ್ಲ ಅಂತ. ಈಗ ಅದು ಇತರೆ ಅಂತಾಗಿದೆ.